ಮನೆಗೆ ಕಡಿಮೆ ದರದ ಬ್ರಾಡ್‌ಬ್ಯಾಂಡ್: ಹಣ ಕಟ್ಟುವ ಮೊದಲು ಅಳೆದು ನೋಡಿರಿ



ಸಂಘಕ್ಕೆ ಹಾಲು ಹಾಕಿದ ಮೇಲೆ ಎಷ್ಟು ಲೀಟರ್, ಜಿಡ್ಡು ಎಷ್ಟು, ಜಿಡ್ಡೇತರ ಘನಾಂಶ ಎಷ್ಟು ಎಂಬ ಚೀಟಿಯನ್ನು ನೋಡದೆ ಯಾವ ಸದಸ್ಯರೂ ಮನೆಗೆ ಹಿಂದಿರುಗುವುದಿಲ್ಲ. ಅರ್ಧ ಪಾಯಿಂಟು ಜಿಡ್ಡು ಕಡಿಮೆ ಬಂದರೂ ಕಾರಣ ಕೇಳುತ್ತೇವೆ. ಆದರೆ ಅದೇ ಹಾಲಿನ ಬಟವಾಡೆಯಿಂದ ತಿಂಗಳಿಗೆ ನಾಲ್ಕೈದು ನೂರು ರೂಪಾಯಿ ಕೊಟ್ಟು ಮನೆಗೆ ಇಂಟರ್‌ನೆಟ್ ಹಾಕಿಸುವಾಗ, ಬಾಗಿಲಿಗೆ ಬಂದವರು ಹೇಳಿದ ಮಾತನ್ನೇ ನಂಬಿ ಹಣ ಕಟ್ಟಿಬಿಡುತ್ತೇವೆ. ಇದು ಸರಿಯಲ್ಲ. ಇಂಟರ್‌ನೆಟ್ಟಿಗೂ ಅಳತೆಯಿದೆ, ಗುಣಮಟ್ಟವಿದೆ, ಲೆಕ್ಕವಿದೆ. ಅದನ್ನು ನೋಡುವುದು ಹೇಗೆ ಎಂಬುದೇ ಈ ಪಾಠದ ವಿಷಯ.

ಈಗ ಹಾಲಿನ ಹಣ ಬ್ಯಾಂಕ್ ಖಾತೆಗೆ ಬರುತ್ತದೆ. ಮಕ್ಕಳ ಪಾಠ, ಪಹಣಿ, ವಿಮೆ, ಸರ್ಕಾರದ ಅರ್ಜಿ ಎಲ್ಲವೂ ಮೊಬೈಲಿನಲ್ಲೇ ನಡೆಯುತ್ತವೆ. ಹಸು ಮೇವು ಬಿಟ್ಟರೆ ಅದರ ವಿಡಿಯೋ ತೆಗೆದು ಪಶುವೈದ್ಯರಿಗೆ ಕಳುಹಿಸುವವರೂ ಇದ್ದಾರೆ. ಆದ್ದರಿಂದ ಬೇಕೋ ಬೇಡವೋ ಎಂಬ ಪ್ರಶ್ನೆ ಹಲವು ಮನೆಗಳಲ್ಲಿ ಮುಗಿದಿದೆ. ಯಾವುದು, ಎಷ್ಟಕ್ಕೆ, ಯಾರಿಂದ ಎಂಬುದು ಉಳಿದಿದೆ.

1. ಮೊದಲು ನಿಮ್ಮ ಮನೆಗೆ ಎಷ್ಟು ಬೇಕೆಂದು ತಿಳಿಯಿರಿ

ಇಂಟರ್‌ನೆಟ್ಟಿನ ವೇಗವನ್ನು ಎಂಬಿಪಿಎಸ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಇದನ್ನು ಕೊಳವೆಯ ಗಾತ್ರವೆಂದು ತಿಳಿಯಿರಿ. ಒಂದಂಗುಲದ ಕೊಳವೆಯಲ್ಲಿ ಬರುವ ನೀರಿಗಿಂತ ಎರಡಂಗುಲದ ಕೊಳವೆಯಲ್ಲಿ ಹೆಚ್ಚು ನೀರು ಬರುವಂತೆ, ಎಂಬಿಪಿಎಸ್ ಹೆಚ್ಚಾದಷ್ಟೂ ಮಾಹಿತಿ ಬೇಗ ಬರುತ್ತದೆ. ಜಿಬಿ ಎಂಬುದು ಬೇರೆ. ಅದು ತೊಟ್ಟಿಯಲ್ಲಿ ತುಂಬಿದ ಒಟ್ಟು ನೀರಿನ ಅಳತೆ. ಈ ಎರಡನ್ನೂ ಬೆರೆಸಬಾರದು.

ನಮ್ಮ ದೇಶದಲ್ಲಿ ಬ್ರಾಡ್‌ಬ್ಯಾಂಡ್ ಎಂದು ಕರೆಯಿಸಿಕೊಳ್ಳಲು ಇರಬೇಕಾದ ಕನಿಷ್ಠ ವೇಗವನ್ನು ಸರ್ಕಾರ 2023ರ ಜನವರಿಯಲ್ಲಿ 2 ಎಂಬಿಪಿಎಸ್‌ಗೆ ಏರಿಸಿತು. 2004ರ ನೀತಿಯಲ್ಲಿ ಇದು ಅದರ ಎಂಟನೇ ಒಂದು ಭಾಗದಷ್ಟು ಮಾತ್ರ ಇತ್ತು. ಈಗ ಕಡಿಮೆ ದರದ ಯೋಜನೆಗಳಲ್ಲೂ 30 ಅಥವಾ 40 ಎಂಬಿಪಿಎಸ್ ಎಂದು ಹೇಳುತ್ತಾರೆ.

ಸಾಮಾನ್ಯ ಮನೆಗೆ ಇಷ್ಟು ಸಾಕೇ? ಲೆಕ್ಕ ಹಾಕೋಣ. ಸ್ಪಷ್ಟವಾದ ಒಂದು ವಿಡಿಯೋ ನೋಡಲು ಸುಮಾರು 5 ಎಂಬಿಪಿಎಸ್ ಬೇಕು. ಆನ್‌ಲೈನ್ ತರಗತಿಗೆ ಅಥವಾ ವಿಡಿಯೋ ಕರೆಗೆ ಸುಮಾರು 1ರಿಂದ 3 ಎಂಬಿಪಿಎಸ್ ಸಾಕು. ಮನೆಯಲ್ಲಿ ಒಬ್ಬರು ಟಿವಿ, ಒಬ್ಬರು ತರಗತಿ, ಇನ್ನಿಬ್ಬರು ಮೊಬೈಲಿನಲ್ಲಿ ವಿಡಿಯೋ ನೋಡುತ್ತಿದ್ದರೂ 20 ಎಂಬಿಪಿಎಸ್ ಒಳಗೇ ಮುಗಿಯುತ್ತದೆ. ಆದ್ದರಿಂದ ನಿಜವಾಗಿಯೂ 30 ಎಂಬಿಪಿಎಸ್ ಬರುವುದಾದರೆ ನಾಲ್ಕೈದು ಜನರ ಮನೆಗೆ ಅದು ಧಾರಾಳ. 100 ಎಂಬಿಪಿಎಸ್ ಕೊಡುತ್ತೇವೆಂದು ಇನ್ನೂ ಮುನ್ನೂರು ರೂಪಾಯಿ ಹೆಚ್ಚು ಕೇಳಿದರೆ ಕೊಡುವ ಅಗತ್ಯ ಹೆಚ್ಚಿನ ಮನೆಗಳಿಗಿಲ್ಲ.

ಇನ್ನು ಜಿಬಿ ಲೆಕ್ಕ. 5 ಎಂಬಿಪಿಎಸ್ ವೇಗದಲ್ಲಿ ಒಂದು ಗಂಟೆ ವಿಡಿಯೋ ನೋಡಿದರೆ ಸುಮಾರು 2.25 ಜಿಬಿ ಖರ್ಚಾಗುತ್ತದೆ. ಮೊಬೈಲಿನ ದಿನಕ್ಕೆ 1.5 ಜಿಬಿ ಯೋಜನೆ ಇದೇ ಲೆಕ್ಕದಲ್ಲಿ 40 ನಿಮಿಷಕ್ಕೆ ಮುಗಿಯುತ್ತದೆ. ಮನೆಯ ಬ್ರಾಡ್‌ಬ್ಯಾಂಡಿನಲ್ಲಿ ದಿನಕ್ಕೆ ಮೂರು ಗಂಟೆ ಹೀಗೆ ನೋಡಿದರೂ ತಿಂಗಳಿಗೆ ಸುಮಾರು 200 ಜಿಬಿ ಆಗುತ್ತದೆ. ಫೈಬರ್ ಯೋಜನೆಗಳು ಹಲವದರಲ್ಲಿ ತಿಂಗಳಿಗೆ 3,300 ಜಿಬಿ ಮಿತಿ ಇರುತ್ತದೆ. ಈ ಮಿತಿ ಮುಟ್ಟುವ ಮನೆ ಅಪರೂಪ.

2. ನಿಮ್ಮ ಊರಿಗೆ ಬರುವುದು ಯಾವ ಬಗೆಯದು?

ಪೇಟೆಯಲ್ಲಿ ಹತ್ತು ಕಂಪನಿಗಳಿರಬಹುದು. ಹಳ್ಳಿಯಲ್ಲಿ ಆಯ್ಕೆ ಎರಡೋ ಮೂರೋ ಇರುತ್ತದೆ. ಹೆಸರು ಯಾವುದೇ ಇರಲಿ, ಬಗೆ ಮುಖ್ಯ.

ಅ) ಫೈಬರ್ ಸಂಪರ್ಕ: ಕೂದಲೆಳೆಯಂಥ ಗಾಜಿನ ತಂತುವಿನ ಮೂಲಕ ಬೆಳಕಿನಲ್ಲಿ ಮಾಹಿತಿ ಬರುತ್ತದೆ. ಇದೇ ಎಲ್ಲಕ್ಕಿಂತ ಸ್ಥಿರವಾದದ್ದು. ಬಿಎಸ್‌ಎನ್‌ಎಲ್, ಖಾಸಗಿ ಕಂಪನಿಗಳು, ಊರಿನ ಕೇಬಲ್ ಟಿವಿಯವರು ಇದನ್ನು ಕೊಡುತ್ತಾರೆ. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಕೇಂದ್ರ ಸರ್ಕಾರದ ಯೋಜನೆಗೆ 2011ರಲ್ಲಿ ಒಪ್ಪಿಗೆ ದೊರೆತು, 2015ರಲ್ಲಿ ಅದಕ್ಕೆ ಭಾರತ್‌ನೆಟ್ ಎಂಬ ಹೆಸರಾಯಿತು. 2023ರ ಆಗಸ್ಟ್‌ನಲ್ಲಿ 1.39 ಲಕ್ಷ ಕೋಟಿ ರೂಪಾಯಿಗೂ ಹೆಚ್ಚಿನ ವೆಚ್ಚದಲ್ಲಿ ಇದನ್ನು ವಿಸ್ತರಿಸಲು ಸಚಿವ ಸಂಪುಟ ಒಪ್ಪಿತು. ನಿಮ್ಮ ಪಂಚಾಯಿತಿ ಕಚೇರಿಗೆ ಈ ಫೈಬರ್ ಬಂದಿದ್ದರೆ, ಅಲ್ಲಿಂದ ಮನೆಗಳಿಗೆ ಸಂಪರ್ಕ ಕೊಡುವವರು ಯಾರಾದರೂ ಇದ್ದಾರೆಯೇ ಎಂದು ಮೊದಲು ವಿಚಾರಿಸಿರಿ.

ಆ) ಗಾಳಿಯ ಮೂಲಕ ಬರುವ ಸಂಪರ್ಕ: ಮನೆಯ ಮೇಲೆ ಒಂದು ಪೆಟ್ಟಿಗೆ ಕೂರಿಸಿ, ಮೊಬೈಲ್ ಗೋಪುರದ 5ಜಿ ಸಂಕೇತವನ್ನು ಹಿಡಿದು ಮನೆಯೊಳಗೆ ಹಂಚುತ್ತಾರೆ. ಏರ್‌ಫೈಬರ್ ಎಂಬ ಹೆಸರು ಕೇಳಿ ಇದು ಫೈಬರ್ ಎಂದು ತಿಳಿಯಬೇಡಿರಿ. ನಿಮ್ಮ ಮನೆಗೆ ತಂತು ಬರುವುದಿಲ್ಲ. ತೋಟದ ಮನೆಗಳಿಗೆ, ಕಂಬವಿಲ್ಲದ ಕಡೆಗೆ ಇದು ಅನುಕೂಲ. ಆದರೆ ಗೋಪುರದ ದೂರ, ನಡುವೆ ಬರುವ ಗುಡ್ಡ ಮತ್ತು ಮರ, ಅದೇ ಗೋಪುರವನ್ನು ಬಳಸುವವರ ಸಂಖ್ಯೆ ಇವುಗಳ ಮೇಲೆ ವೇಗ ಏರಿಳಿಯುತ್ತದೆ. ಜಿಬಿ ಮಿತಿಯೂ ಫೈಬರಿಗಿಂತ ಕಡಿಮೆ ಇರಬಹುದು, ಕೇಳಿ ತಿಳಿಯಿರಿ.

ಇ) ಮೊಬೈಲಿನಿಂದಲೇ ಹಂಚುವುದು: ಒಬ್ಬಿಬ್ಬರೇ ಇರುವ ಮನೆಗೆ, ಬಳಕೆ ಕಡಿಮೆ ಇದ್ದರೆ ಇದೇ ಅಗ್ಗ. ಬ್ರಾಡ್‌ಬ್ಯಾಂಡ್ ಹಾಕಿಸದೇ ಇರುವುದೂ ಒಂದು ಒಳ್ಳೆಯ ತೀರ್ಮಾನವೇ ಎಂಬುದನ್ನು ಮರೆಯಬಾರದು.

3. ದರ ನೋಡುವುದು ಹೇಗೆ?

ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿರುವುದು ಪೂರ್ತಿ ದರವಲ್ಲ. ಉದಾಹರಣೆಗೆ, 2020ರ ಸೆಪ್ಟೆಂಬರ್‌ನಲ್ಲಿ ಜಿಯೋಫೈಬರ್ 30 ಎಂಬಿಪಿಎಸ್‌ಗೆ 399 ರೂ., ಏರ್‌ಟೆಲ್ 40 ಎಂಬಿಪಿಎಸ್‌ಗೆ 499 ರೂ. ಎಂಬ ಆರಂಭಿಕ ಯೋಜನೆಗಳನ್ನು ತಂದವು. ಇವುಗಳ ಮೇಲೆ ಶೇ. 18 ಜಿಎಸ್‌ಟಿ ಪ್ರತ್ಯೇಕ. ಅಂದರೆ 399 ರೂ. ಯೋಜನೆಗೆ ಕೈಯಿಂದ ಹೋಗುವುದು 471 ರೂ. ದರಗಳು ಆಗಾಗ ಬದಲಾಗುತ್ತವೆ. ಹಣ ಕಟ್ಟುವ ದಿನದ ದರವನ್ನೇ ಕೇಳಿರಿ, ತೆರಿಗೆ ಸೇರಿ ಎಷ್ಟೆಂದೇ ಕೇಳಿರಿ.

ಹಸುವಿನ ಲಾಭವನ್ನು ಒಂದು ದಿನದ ಹಾಲಿನಿಂದ ಲೆಕ್ಕ ಹಾಕುವುದಿಲ್ಲ. ಕರೆಯುವ ದಿನ, ಬತ್ತಿದ ದಿನ, ಹಿಂಡಿ, ಮೇವು, ಔಷಧಿ ಎಲ್ಲ ಸೇರಿಸಿ ಈತಿನಿಂದ ಈತಿಗೆ ಲೆಕ್ಕ ನೋಡುತ್ತೇವೆ. ಇಲ್ಲಿಯೂ ವರ್ಷದ ಲೆಕ್ಕವೇ ಸರಿ. ಕೆಳಗಿನ ಮೂರು ಕೊಡುಗೆಗಳು ಅಭ್ಯಾಸಕ್ಕಾಗಿ ಮಾಡಿಕೊಂಡ ಉದಾಹರಣೆಗಳು.

ಮೊದಲನೆಯದು: ತಿಂಗಳಿಗೆ 399 ರೂ., ತೆರಿಗೆ ಪ್ರತ್ಯೇಕ. ಜೋಡಣೆ ಉಚಿತ. ಮೋಡೆಮ್ ಕಂಪನಿಯದು, ಬಿಡುವಾಗ ಹಿಂದಿರುಗಿಸಬೇಕು. ವರ್ಷಕ್ಕೆ ಸುಮಾರು 5,650 ರೂ.

ಎರಡನೆಯದು: ಮೊದಲ ಮೂರು ತಿಂಗಳು ತಿಂಗಳಿಗೆ 300 ರೂ., ನಂತರ 450 ರೂ., ತೆರಿಗೆ ಸೇರಿ. ಜೋಡಣೆಗೆ 1,000 ರೂ. ಮೋಡೆಮ್ ಕೊಳ್ಳಲು 1,500 ರೂ. ಮೊದಲ ವರ್ಷದ ಒಟ್ಟು 7,450 ರೂ., ಎರಡನೆಯ ವರ್ಷ 5,400 ರೂ.

ಮೂರನೆಯದು: ವರ್ಷದ ಹಣ 4,500 ರೂ. ಒಂದೇ ಸಲ ಮುಂಗಡ. ಬೇರೇನೂ ಇಲ್ಲ.

ಹಾಲು ಲೀಟರಿಗೆ 35 ರೂ. ಎಂದು ಲೆಕ್ಕಕ್ಕೆ ಹಿಡಿದರೆ, ಮೊದಲ ವರ್ಷದಲ್ಲಿ ಮೊದಲನೆಯದಕ್ಕೆ 161 ಲೀಟರ್, ಎರಡನೆಯದಕ್ಕೆ 213 ಲೀಟರ್, ಮೂರನೆಯದಕ್ಕೆ 129 ಲೀಟರ್ ಹಾಲಿನ ಹಣ ಬೇಕು. "ತಿಂಗಳಿಗೆ ಬರೀ ಮುನ್ನೂರು" ಎಂದು ಕೂಗಿ ಬಂದದ್ದೇ ಎಲ್ಲಕ್ಕಿಂತ ದುಬಾರಿಯಾಯಿತು ನೋಡಿರಿ.

ಹಾಗಾದರೆ ಮೂರನೆಯದು ಒಳ್ಳೆಯದೇ? ಲೆಕ್ಕದಲ್ಲಿ ಹೌದು. ಆದರೆ ಅದರಲ್ಲಿ ಹಣವೆಲ್ಲ ಮೊದಲೇ ಹೋಗುತ್ತದೆ. ತಂತಿ ಕಡಿದು ಎರಡು ತಿಂಗಳು ಯಾರೂ ಬಾರದಿದ್ದರೆ, ಬಳಸಿದ ತಿಂಗಳಿಗೆ 450 ರೂ. ಬಿದ್ದಂತಾಯಿತು. ನಾಲ್ಕು ತಿಂಗಳಿಗೆ ಅಂಗಡಿ ಮುಚ್ಚಿಕೊಂಡು ಹೋದರೆ ಉಳಿದ 3,000 ರೂ. ಕೇಳಲು ಯಾರೂ ಇರುವುದಿಲ್ಲ. ಆದ್ದರಿಂದ ಹೊಸಬರಿಗೆ ವರ್ಷದ ಮುಂಗಡ ಬೇಡ. ಮೊದಲು ಒಂದು ತಿಂಗಳು, ಹೆಚ್ಚೆಂದರೆ ಮೂರು ತಿಂಗಳು ಕಟ್ಟಿರಿ. ಸೇವೆ ಚೆನ್ನಾಗಿದ್ದರೆ ಆಮೇಲೆ ಆರು ತಿಂಗಳು ಅಥವಾ ವರ್ಷದ ರಿಯಾಯಿತಿ ತೆಗೆದುಕೊಳ್ಳಬಹುದು. ಪರೀಕ್ಷೆಯ ಮೂರು ತಿಂಗಳಲ್ಲಿ ನೂರಿನ್ನೂರು ಹೆಚ್ಚು ಕೊಟ್ಟರೂ ನಷ್ಟವಲ್ಲ.

ಇನ್ನೊಂದು ಲೆಕ್ಕವೂ ಇದೆ. ಮನೆಯಲ್ಲಿ ನಾಲ್ಕು ಮೊಬೈಲುಗಳಿಗೆ 28 ದಿನದ ರೀಚಾರ್ಜ್ ಮಾಡಿಸುತ್ತಿದ್ದರೆ ವರ್ಷಕ್ಕೆ 12 ಅಲ್ಲ, 13 ಸಲ ಹಣ ಹೋಗುತ್ತದೆ. ಬ್ರಾಡ್‌ಬ್ಯಾಂಡ್ ಬಂದ ಮೇಲೆ, ಮನೆಯಲ್ಲೇ ಇರುವವರ ಮೊಬೈಲಿಗೆ ದೊಡ್ಡ ಡೇಟಾ ಯೋಜನೆ ಬೇಕಿಲ್ಲ. ಕರೆ ಮತ್ತು ಎಸ್‌ಎಂಎಸ್‌ಗೆ ಮಾತ್ರ ಪ್ರತ್ಯೇಕ ರೀಚಾರ್ಜ್ ಇರಬೇಕೆಂದು ಟ್ರಾಯ್ 2024ರ ಡಿಸೆಂಬರ್‌ನಲ್ಲಿ ನಿಯಮ ಮಾಡಿತು. ಇಂಥದ್ದು ಇದೆಯೇ ಎಂದು ಅಂಗಡಿಯಲ್ಲಿ ಕೇಳಿರಿ. ಮೊಬೈಲಿನಲ್ಲಿ ಉಳಿಯುವ ಹಣವನ್ನು ಬ್ರಾಡ್‌ಬ್ಯಾಂಡಿನ ಖರ್ಚಿನಿಂದ ಕಳೆದು ನೋಡಿರಿ. ಆಗ ನಿಜವಾದ ಹೊರೆ ಎಷ್ಟೆಂದು ತಿಳಿಯುತ್ತದೆ.

4. ಮೂರು ಹೊತ್ತು ಕರೆದು ನೋಡಿರಿ

ಜಾತ್ರೆಯಲ್ಲಿ ಹಸು ಕೊಳ್ಳುವಾಗ ಅನುಭವಸ್ಥರು ಕೆಚ್ಚಲು ನೋಡಿ ಮೋಸಹೋಗುವುದಿಲ್ಲ. ಹಿಂದಿನ ಹೊತ್ತು ಕರೆಯದೆ ಕೆಚ್ಚಲು ಉಬ್ಬಿಸಿ ತಂದಿರಬಹುದೆಂದು ಬಲ್ಲವರು ಸತತವಾಗಿ ಮೂರು ಹೊತ್ತು ಕರೆಸಿ ನೋಡುತ್ತಾರೆ. ಬ್ರಾಡ್‌ಬ್ಯಾಂಡಿಗೂ ಇದೇ ಪರೀಕ್ಷೆ ಸಾಕು.

"30 ಎಂಬಿಪಿಎಸ್ ವರೆಗೆ" ಎಂಬಲ್ಲಿ "ವರೆಗೆ" ಎಂಬ ಪದವನ್ನು ಗಮನಿಸಿರಿ. ಅದು ಹೆಚ್ಚೆಂದರೆ ಎಂಬ ಅರ್ಥ, ಯಾವಾಗಲೂ ಎಂಬ ಅರ್ಥವಲ್ಲ. ಒಂದೇ ಮುಖ್ಯ ತಂತುವನ್ನು ಹಲವು ಮನೆಗಳಿಗೆ ಹಂಚಿರುತ್ತಾರೆ. ಮಧ್ಯಾಹ್ನ ಜನರು ಹೊಲದಲ್ಲಿದ್ದಾಗ ವೇಗ ಚೆನ್ನಾಗಿ ಬಂದು, ಸಂಜೆ ಹಾಲು ಹಾಕಿ ಬಂದು ಎಲ್ಲರೂ ಟಿವಿ ಮುಂದೆ ಕುಳಿತಾಗ ಇಳಿಯಬಹುದು.

ಈಗಾಗಲೇ ಸಂಪರ್ಕ ಪಡೆದ ನೆರೆಮನೆಗೆ ಹೋಗಿ, ಅವರ ಒಪ್ಪಿಗೆ ಪಡೆದು, ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ 8 ಗಂಟೆಗೆ ವೇಗವನ್ನು ಅಳೆಯಿರಿ. ಇದಕ್ಕೆ ಟ್ರಾಯ್‌ನ ಮೈಸ್ಪೀಡ್ ಎಂಬ ಉಚಿತ ಆ್ಯಪ್ ಇದೆ. ಓದುವ ಮಕ್ಕಳು ಮಾಡಿ ತೋರಿಸುತ್ತಾರೆ. ರಾತ್ರಿಯ ಅಳತೆಯನ್ನೇ ನಂಬಿರಿ. ಅಳೆಯುವಾಗ ಮೋಡೆಮ್ ಇರುವ ಕೋಣೆಯಲ್ಲೇ ನಿಲ್ಲಿರಿ. ದಪ್ಪ ಮಣ್ಣಿನ ಗೋಡೆ, ಕಲ್ಲಿನ ಗೋಡೆಗಳಾಚೆ ವೈಫೈ ಕುಗ್ಗುತ್ತದೆ. ಅದು ಕಂಪನಿಯ ತಪ್ಪಲ್ಲ.

ಬರುವ ವೇಗದ ಜೊತೆಗೆ ಹೋಗುವ ವೇಗವನ್ನೂ ನೋಡಿರಿ. 50 ಎಂಬಿಯ ಹಸುವಿನ ವಿಡಿಯೋವನ್ನು ವೈದ್ಯರಿಗೆ ಕಳುಹಿಸಲು, ಹೋಗುವ ವೇಗ 1 ಎಂಬಿಪಿಎಸ್ ಇದ್ದರೆ ಆರೂವರೆ ನಿಮಿಷಕ್ಕೂ ಹೆಚ್ಚು ಬೇಕು. 20 ಎಂಬಿಪಿಎಸ್ ಇದ್ದರೆ 20 ಸೆಕೆಂಡು ಸಾಕು.

ಕೊನೆಯದಾಗಿ ನೆರೆಯವರಿಗೆ ಎರಡು ಪ್ರಶ್ನೆ ಕೇಳಿರಿ. ಕಳೆದ ಮಳೆಗಾಲದಲ್ಲಿ ಎಷ್ಟು ದಿನ ಬಂದ್ ಆಗಿತ್ತು? ಫೋನು ಮಾಡಿದ ಎಷ್ಟನೇ ದಿನ ರಿಪೇರಿಗೆ ಬಂದರು? ಈ ಎರಡು ಉತ್ತರಗಳು ಎಲ್ಲ ಜಾಹೀರಾತಿಗಿಂತ ಹೆಚ್ಚು ತಿಳಿಸುತ್ತವೆ. ತಿಂಗಳಿಗೆ 50 ರೂ. ಹೆಚ್ಚಾದರೂ ಮರುದಿನವೇ ಬಂದು ಸರಿಮಾಡುವವರು ಮೇಲು. ಪರೀಕ್ಷೆಯ ಅರ್ಜಿ ಹಾಕುವ ಕೊನೆಯ ದಿನ ಸಂಪರ್ಕ ಸತ್ತಿದ್ದರೆ, ಉಳಿಸಿದ ಐವತ್ತು ರೂಪಾಯಿಯಿಂದ ಮಗಳ ಒಂದು ವರ್ಷ ಹಿಂದಿರುಗುವುದಿಲ್ಲ.

5. ಹಣ ಕಟ್ಟುವ ಮೊದಲು ಕೇಳಬೇಕಾದುವು

(1) ತೆರಿಗೆ ಸೇರಿ ತಿಂಗಳಿಗೆ ಎಷ್ಟು? ಈ ದರ ಎಷ್ಟು ತಿಂಗಳವರೆಗೆ?
(2) ಜೋಡಣೆಗೆ, ಕಂಬದಿಂದ ಮನೆಗೆ ಎಳೆಯುವ ತಂತಿಗೆ ಪ್ರತ್ಯೇಕ ಹಣವುಂಟೇ? ಮೀಟರಿಗೆ ಎಷ್ಟು?
(3) ಮೋಡೆಮ್ ಯಾರದು? ಠೇವಣಿ ಎಷ್ಟು? ಬಿಟ್ಟಾಗ ಎಷ್ಟು ದಿನದಲ್ಲಿ ಹಿಂದಿರುಗಿಸುತ್ತೀರಿ?
(4) ಸಿಡಿಲಿಗೆ ಮೋಡೆಮ್ ಸುಟ್ಟರೆ ಖರ್ಚು ಯಾರದು?
(5) ಜಿಬಿ ಮಿತಿ ಎಷ್ಟು? ಮೀರಿದ ಮೇಲೆ ವೇಗ ಎಷ್ಟು?
(6) ಸಿನಿಮಾ, ಟಿವಿ ಚಾನೆಲ್ ಬೇಡವೆಂದರೆ ದರ ಕಡಿಮೆಯಾಗುವುದೇ?
(7) ಮಧ್ಯದಲ್ಲಿ ಬಿಟ್ಟರೆ ದಂಡವುಂಟೇ?
(8) ಪರವಾನಗಿ ಯಾವ ಕಂಪನಿಯ ಹೆಸರಿನಲ್ಲಿದೆ? ಜಿಎಸ್‌ಟಿ ಸಂಖ್ಯೆ ಇರುವ ರಸೀದಿ ಕೊಡುತ್ತೀರಾ?

ಎಂಟನೆಯ ಪ್ರಶ್ನೆಯನ್ನು ಬಿಡಲೇಬೇಡಿರಿ. ಇಂಟರ್‌ನೆಟ್ ಸೇವೆ ಮಾರಲು ಸರ್ಕಾರದ ಪರವಾನಗಿ ಬೇಕು. ಊರಿನ ಕೇಬಲಿನವರು ಯಾವುದಾದರೂ ಪರವಾನಗಿ ಪಡೆದ ಕಂಪನಿಯ ಪರವಾಗಿ ಕೊಡುತ್ತಿರಬಹುದು, ಅದು ತಪ್ಪಲ್ಲ. ಆದರೆ ಆ ಕಂಪನಿಯ ಹೆಸರು ರಸೀದಿಯಲ್ಲಿರಬೇಕು. ರಸೀದಿಯಿಲ್ಲದೆ ಕೊಟ್ಟ ಹಣಕ್ಕೆ ಸಾಕ್ಷಿಯಿಲ್ಲ. ಉತ್ತರಗಳನ್ನು ಒಂದು ಹಾಳೆಯಲ್ಲಿ ಬರೆದು, ಬಂದವರ ಸಹಿ ಪಡೆದು ಇಟ್ಟುಕೊಳ್ಳಿರಿ. ಸಹಿ ಹಾಕಲು ಹಿಂದೆಗೆಯುವವರಿಗೆ ಹಣ ಕೊಡುವಾಗ ನೀವೂ ಹಿಂದೆಗೆಯಬಹುದು.

6. ಹಾಕಿಸಿದ ಮೇಲೆ ಜೋಪಾನ

ಫೈಬರ್ ತಂತಿಯನ್ನು ಹಗ್ಗದಂತೆ ಮಡಿಸಬಾರದು, ಮೊಳೆಗೆ ಬಿಗಿಯಾಗಿ ಸುತ್ತಬಾರದು. ಒಳಗಿರುವುದು ಗಾಜು, ಹೆಚ್ಚು ಬಾಗಿದರೆ ಬೆಳಕು ಸೋರಿ ವೇಗ ಕುಗ್ಗುತ್ತದೆ. ದಾರಿಗೆ ಅಡ್ಡವಾಗಿ ಎಳೆಯುವಾಗ ಹುಲ್ಲು ಹೇರಿದ ಟ್ರ್ಯಾಕ್ಟರ್ ಹಾಯುವಷ್ಟು ಎತ್ತರ ಇರಲಿ. ಕೊಟ್ಟಿಗೆಯ ಮಾಡಿನೊಳಗೆ ತಂತಿ ಹಾಯಿಸಿದರೆ ಇಲಿ ಕಡಿಯುತ್ತದೆ, ಕೊಳವೆಯೊಳಗೆ ಹಾಯಿಸಿರಿ.

ಕರೆಂಟು ಹೋದರೆ ಮೋಡೆಮ್ ನಿಲ್ಲುತ್ತದೆ. ಇದಕ್ಕೆಂದೇ ಸಿಗುವ 12 ವೋಲ್ಟಿನ ಪುಟ್ಟ ಯುಪಿಎಸ್ ಹಾಕಿದರೆ ಕೆಲವು ಗಂಟೆ ನಡೆಯುತ್ತದೆ. ಕೊಳ್ಳುವ ಮೊದಲು ಮೋಡೆಮಿನ ಮೇಲೆ ಬರೆದ ವೋಲ್ಟೇಜ್ ನೋಡಿರಿ. ಗುಡುಗು ಮಿಂಚು ಬಂದಾಗ ಪ್ಲಗ್ ಕಿತ್ತಿಡಿರಿ. ಗಾಜಿನ ತಂತುವಿನಲ್ಲಿ ವಿದ್ಯುತ್ ಹರಿಯದಿದ್ದರೂ ಕರೆಂಟಿನ ತಂತಿಯ ಮೂಲಕ ಹಾನಿಯಾಗುತ್ತದೆ.

ಫೈಬರ್ ಮೋಡೆಮಿನ ಮೇಲೆ ಎಲ್‌ಒಎಸ್ ಎಂದು ಬರೆದ ಕೆಂಪು ದೀಪ ಹೊತ್ತಿದರೆ ಬೆಳಕು ಬರುತ್ತಿಲ್ಲ, ತಂತಿ ಎಲ್ಲೋ ಕಡಿದಿದೆ ಎಂದರ್ಥ. ಮೋಡೆಮ್ ಆರಿಸಿ ಹಚ್ಚಿ ಪ್ರಯೋಜನವಿಲ್ಲ, ನೇರವಾಗಿ ದೂರು ಕೊಡಿರಿ.

ವೈಫೈ ಗುಪ್ತಪದವನ್ನು ಊರಿಗೆಲ್ಲ ಹಂಚಬೇಡಿರಿ. ಸಂಪರ್ಕ ನಿಮ್ಮ ಹೆಸರಿನಲ್ಲಿದೆ. ಅದರಲ್ಲಿ ಬೇರೆಯವರು ತಪ್ಪು ಮಾಡಿದರೂ ವಿಚಾರಣೆ ಮೊದಲು ನಿಮ್ಮ ಬಾಗಿಲಿಗೆ ಬರುತ್ತದೆ. ಬ್ರಾಡ್‌ಬ್ಯಾಂಡ್ ಕಂಪನಿಯವರೆಂದು ಹೇಳಿ ಒಟಿಪಿ ಕೇಳಿದರೆ ಕೊಡಬಾರದು. ಹಾಲಿನ ಹಣವಿರುವ ಖಾತೆಯೇ ಬರಿದಾದೀತು. ಹಾಗೇನಾದರೂ ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿರಿ.

7. ಸೇವೆ ಕೆಟ್ಟರೆ ಯಾರನ್ನು ಕೇಳಬೇಕು?

ಮೊದಲ ಹೆಜ್ಜೆ: ತಂತಿ ಎಳೆದ ಹುಡುಗನಿಗೆ ಮಾತ್ರ ಫೋನು ಮಾಡಿ ಸುಮ್ಮನಾಗಬೇಡಿರಿ. ಕಂಪನಿಯ ಗ್ರಾಹಕ ಸೇವಾ ಸಂಖ್ಯೆಗೆ ಕರೆ ಮಾಡಿ ದೂರಿನ ಸಂಖ್ಯೆ ಪಡೆಯಿರಿ. 2012ರ ಟ್ರಾಯ್ ನಿಯಮದಂತೆ ಪ್ರತಿ ದೂರಿಗೂ ಸಂಖ್ಯೆ ಕೊಡಲೇಬೇಕು. ದಿನಾಂಕದೊಡನೆ ಬರೆದಿಡಿರಿ.

ಎರಡನೆಯ ಹೆಜ್ಜೆ: ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಿರಿ. ಇದಕ್ಕೆ ಶುಲ್ಕವಿಲ್ಲ. ಟ್ರಾಯ್ ನಿಯಮ ಮಾಡುವ ಸಂಸ್ಥೆಯೇ ಹೊರತು ಒಬ್ಬೊಬ್ಬರ ದೂರು ತೀರ್ಮಾನಿಸುವುದಿಲ್ಲ ಎಂಬುದು ನೆನಪಿರಲಿ.

ಮೂರನೆಯ ಹೆಜ್ಜೆ: ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ತಿಳಿಸಿರಿ. ಅದಕ್ಕೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಕೊಟ್ಟ ಹಣ 5 ಲಕ್ಷ ರೂ. ಒಳಗಿದ್ದರೆ ಅಲ್ಲಿ ದೂರಿಗೆ ಶುಲ್ಕವಿಲ್ಲ. ದೂರಸಂಪರ್ಕ ಸೇವೆಯ ದೂರುಗಳನ್ನು ಗ್ರಾಹಕ ಆಯೋಗಗಳು ವಿಚಾರಿಸಬಹುದೆಂದು ಸುಪ್ರೀಂ ಕೋರ್ಟ್ 2022ರಲ್ಲಿ ತೀರ್ಪು ಕೊಟ್ಟಿದೆ. ಎಲ್ಲ ಹೆಜ್ಜೆಗೂ ರಸೀದಿ ಮತ್ತು ದೂರಿನ ಸಂಖ್ಯೆಯೇ ಆಧಾರ.

8. ಒಬ್ಬರಿಗಿಂತ ಹತ್ತು ಮನೆ ಮೇಲು

ಒಬ್ಬರೇ ಹಾಲನ್ನು ಪೇಟೆಗೆ ಒಯ್ದಾಗ ದರ ಹೇಳುವವನು ಕೊಳ್ಳುವವನೇ. ಸಂಘವಾದ ಮೇಲೆ ಮಾತಿಗೆ ಬೆಲೆ ಬಂತು. ಇಲ್ಲಿಯೂ ಹಾಗೆಯೇ. ಒಂದು ಮನೆಗಾಗಿ ಅರ್ಧ ಕಿಲೋಮೀಟರ್ ತಂತಿ ಎಳೆಯಲು ಯಾವ ಕಂಪನಿಗೂ ಗಿಟ್ಟುವುದಿಲ್ಲ. ಒಂದೇ ಬೀದಿಯ ಹತ್ತು ಮನೆಯವರು ಒಟ್ಟಾಗಿ ಕೇಳಿದರೆ ಎಳೆಯುವ ಖರ್ಚು ಹಂಚಿಹೋಗುತ್ತದೆ. ಜೋಡಣೆ ಶುಲ್ಕ ಬಿಡಿಸಲೂ, ರಿಪೇರಿಗೆ ಬರುವ ಅವಧಿಯನ್ನು ಬರೆಸಿಕೊಳ್ಳಲೂ ಬಲ ಬರುತ್ತದೆ. ಊರಿಗೆ ಎರಡು ಕಂಪನಿ ಬಂದಿದ್ದರೆ ಇಬ್ಬರಿಂದಲೂ ದರ ಬರೆಸಿ ತರಿಸಿ ಹೋಲಿಸಿರಿ.

ಸಂಘದ ಸಭೆಯ ನಂತರ ಈ ವಿಷಯ ಮಾತನಾಡಿಕೊಳ್ಳಬಹುದು. ಆದರೆ ಸಂಘವಾಗಲಿ ಕಾರ್ಯದರ್ಶಿಯವರಾಗಲಿ ಸದಸ್ಯರ ಪರವಾಗಿ ಹಣ ಸಂಗ್ರಹಿಸುವುದು, ಹಾಲಿನ ಬಟವಾಡೆಯಲ್ಲಿ ಮುರಿದುಕೊಳ್ಳುವುದು ಬೇಡ. ಪ್ರತಿಯೊಬ್ಬರೂ ತಮ್ಮ ಹೆಸರಿನಲ್ಲೇ ಕಟ್ಟಿ ತಮ್ಮ ರಸೀದಿ ಪಡೆಯಲಿ. ಮಾತುಕತೆ ಒಟ್ಟಾಗಿ ಇರಲಿ, ಹಣ ಬೇರೆ ಬೇರೆಯಾಗಿ ಇರಲಿ.

ಮನೆಯಲ್ಲಿ ಮಾಡಬೇಕಾದ ಅಭ್ಯಾಸ

ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆಯಿರಿ. ಮನೆಯ ಎಲ್ಲ ಮೊಬೈಲುಗಳ ವರ್ಷದ ರೀಚಾರ್ಜ್ ಖರ್ಚು ಎಷ್ಟು? ಬ್ರಾಡ್‌ಬ್ಯಾಂಡಿನ ಮೊದಲ ವರ್ಷದ ಪೂರ್ತಿ ಖರ್ಚು ಎಷ್ಟು? ಅದು ಬಂದ ಮೇಲೆ ಮೊಬೈಲಿನಲ್ಲಿ ಉಳಿಯುವುದು ಎಷ್ಟು? ಉಳಿದ ಹೊರೆ ಎಷ್ಟು ಲೀಟರ್ ಹಾಲಿಗೆ ಸಮ? ಮನೆಯ ಹಾಲಿನ ಲೆಕ್ಕ ನೋಡುವ ಅಕ್ಕ-ತಂಗಿಯರು ಈ ಲೆಕ್ಕವನ್ನೂ ತಾವೇ ಹಾಕುವುದು ಉತ್ತಮ. ನಾಲ್ಕನೆಯ ಸಾಲಿನ ಉತ್ತರ ಮನೆಯವರೆಲ್ಲರಿಗೂ ಒಪ್ಪಿಗೆಯಾದರೆ ಹಾಕಿಸಿರಿ. ಒಪ್ಪಿಗೆಯಾಗದಿದ್ದರೆ ಇನ್ನಾರು ತಿಂಗಳು ಕಾಯಿರಿ, ಅಷ್ಟರಲ್ಲಿ ದರವೂ ಊರಿನ ಆಯ್ಕೆಯೂ ಬದಲಾಗಿರಬಹುದು.